ಕಟ್ಟಿಗೆ ಹೊರೆ ಹೊತ್ತರೆ ಚಾಂಪಿಯನ್ ಆಗುವುದಿಲ್ಲ

(ಗಂಗಾವತಿಯಲ್ಲಿ ಹೆಣ್ಣುಮಕ್ಕಳ ಕ್ರೀಡೆ ಕುರಿತು ನಡೆದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಗೆ ಸಭಿಕರು ಕೇಳಿದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ಶರಣು. ಮುಂದೆ ಕುಳಿತಿರುವ ಕಾಲೇಜಿನ ಹುಡುಗಿಯರಿಗೆ, ಅವರ ಜೊತೆ ಬಂದಿರುವ ಅವ್ವಂದಿರಿಗೆ, ಹಿಂದೆ ಗೋಡೆಗೆ ಒರಗಿ ನಿಂತಿರುವ ಹಮಾಲಿ ಅಣ್ಣಂದಿರಿಗೆ.

ವೇಟ್‌ಲಿಫ್ಟರ್ ಮೀರಾಬಾಯಿ ಚಾನು ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದವರು ಫೋನಿನಲ್ಲೇ ಒಂದು ಮಾತು ಸೇರಿಸಿದರು. “ಆ ಕಟ್ಟಿಗೆ ಹೊರೆ ಕಥಿ ಹೇಳ್ರಿ ಮೇಡಂ, ನಮ್ಮ ಹುಡುಗ್ಯಾರಿಗೆ ಹುರುಪು ಬರ್ತೈತಿ” ಅಂದರು. ಆ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. ಆಮೇಲೆ ಅದರ ಜೊತೆ ಜಗಳ ಆಡುತ್ತೇನೆ.

ಮಣಿಪುರದ ಇಂಫಾಲ್ ಪೂರ್ವ ಜಿಲ್ಲೆಯಲ್ಲಿ ನೊಂಗ್‌ಪೋಕ್ ಕಾಕ್ಚಿಂಗ್ ಎಂಬ ಹಳ್ಳಿ ಇದೆ. ಸೈಖೋಮ್ ಮೀರಾಬಾಯಿ ಚಾನು ಅಲ್ಲಿ 1994ರ ಆಗಸ್ಟ್ 8ರಂದು ಹುಟ್ಟಿದಳು. ಆರು ಮಕ್ಕಳಲ್ಲಿ ಕೊನೆಯವಳು. ಅಪ್ಪನಿಗೆ ಲೋಕೋಪಯೋಗಿ ಇಲಾಖೆಯಲ್ಲಿ ಸಣ್ಣ ನೌಕರಿ, ಅವ್ವನದು ಚಹಾ ಅಂಗಡಿ. ಗುಡ್ಡಕ್ಕೆ ಕಟ್ಟಿಗೆ ತರಲು ಹೋದಾಗ ಅಣ್ಣನಿಗೆ ಎತ್ತಲಾಗದ ಹೊರೆಯನ್ನು 12 ವರ್ಷದ ಈ ಹುಡುಗಿ ಎತ್ತಿಕೊಂಡು ಮನೆಗೆ ಬಂದಳು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಬಂದ ಮೇಲೆ ಈ ಕಥೆ ಬರೆಯದ ಪತ್ರಿಕೆಯಿಲ್ಲ, ತೋರಿಸದ ಟಿವಿಯಿಲ್ಲ.

ಕಥೆ ಸುಳ್ಳಲ್ಲ, ಅವರ ಮನೆಯವರೇ ಹೇಳಿದ್ದು. ಆದರೆ ನಾವು ಅದನ್ನು ಹೇಳಿಕೊಳ್ಳುವ ರೀತಿ ನನಗೆ ಒಪ್ಪಿಗೆಯಿಲ್ಲ. ಹೊರೆ ಹೊತ್ತಳು, ಬಲ ಬಂತು, ಪದಕ ಬಂತು ಅಂತ ನಾವು ಮೂರು ಮಾತಿನಲ್ಲಿ ಮುಗಿಸುತ್ತೇವೆ. ಹೊರೆ ಹೊತ್ತರೆ ಪದಕ ಬರುವುದಾದರೆ ಕಾರಟಗಿಯಿಂದ ಸಿಂಧನೂರಿನವರೆಗೆ ಕಾಲುವೆ ದಂಡೆಯ ಒಂದೊಂದು ಕ್ಯಾಂಪಿನಲ್ಲೂ ಒಲಿಂಪಿಕ್ ಪದಕ ಇರಬೇಕಿತ್ತು. ಇಲ್ಲಿ ಕುಳಿತ ಅವ್ವಂದಿರಲ್ಲಿ ಕಟ್ಟಿಗೆ ಹೊರದವರು ಯಾರು? ಎರಡು ಕೊಡ ತಲೆಯ ಮೇಲೆ, ಒಂದು ಸೊಂಟದ ಮೇಲೆ ಇಟ್ಟುಕೊಂಡು ಬೋರ್‌ವೆಲ್ಲಿನಿಂದ ಮನೆಗೆ ನಡೆಯದವರು ಯಾರು? ನಾಟಿ ಕಾಲದಲ್ಲಿ ಸಸಿಯ ಸಿವುಡು ಹೊತ್ತು ಕೆಸರಿನಲ್ಲಿ ಓಡಾಡಿದ್ದೀರಿ. ಸಂಡೂರು, ಹೊಸಪೇಟೆ ಕಡೆ ಅದಿರಿನ ಕೆಲಸ ಜೋರಾಗಿದ್ದಾಗ ಹೆಂಗಸರು ಬುಟ್ಟಿಯಲ್ಲಿ ಕೆಂಪು ಮಣ್ಣು ಹೊತ್ತರು. ಅವರಲ್ಲಿ ಯಾರಿಗೂ ಬಲ ಕಡಿಮೆ ಇರಲಿಲ್ಲ. ಅವರಿಗೆ ಸಿಕ್ಕಿದ್ದು ಮೂವತ್ತೈದಕ್ಕೇ ಹಿಡಿದುಕೊಂಡ ಬೆನ್ನು, ಕುತ್ತಿಗೆ ನೋವು, ಮೆಡಿಕಲ್ ಶಾಪಿನಿಂದ ತರಿಸಿದ ನೋವಿನ ಗುಳಿಗೆ.

ಹಾಗಾದರೆ ನೊಂಗ್‌ಪೋಕ್ ಕಾಕ್ಚಿಂಗಿನ ಹುಡುಗಿಗೆ ಸಿಕ್ಕಿ ನಮ್ಮ ಹುಡುಗಿಯರಿಗೆ ಸಿಗದೇ ಹೋದದ್ದು ಏನು? ಇವತ್ತು ನಾನು ಮಾತಾಡಲು ಬಂದಿರುವುದು ಅದರ ಬಗ್ಗೆ.

ಮೊದಲು ಆಟ ಎಂಥದು ಅಂತ ತಿಳಿದುಕೊಳ್ಳೋಣ. ಭಾರ ಎತ್ತುವ ಪಂದ್ಯ ನಮ್ಮ ಭಾಗಕ್ಕೆ ಹೊಸದಲ್ಲ. ಕಾರಹುಣ್ಣಿಮೆಗೆ, ಊರ ಜಾತ್ರೆಗೆ ಗುಂಡು ಎತ್ತುತ್ತಾರೆ, ಸಂಗ್ರಾಣಿ ಕಲ್ಲು ಎತ್ತುತ್ತಾರೆ, ಚೀಲ ಎತ್ತುತ್ತಾರೆ. ಗೆದ್ದವನ ಕೈಗೆ ಬೆಳ್ಳಿ ಕಡಗ ಬೀಳುತ್ತದೆ, ಹಲಗೆ ಬಾರಿಸಿ ಮೆರವಣಿಗೆ ಮಾಡುತ್ತಾರೆ. ಅಲ್ಲಿ ಎತ್ತುವವರೆಲ್ಲ ಗಂಡಸರು. ಹೆಂಗಸರು ಮಾಳಿಗೆ ಮೇಲೆ ನಿಂತು ನೋಡಬೇಕು. ಗರಡಿಮನೆಯ ಹೊಸ್ತಿಲು ದಾಟುವ ರೂಢಿಯೂ ಹೆಣ್ಣುಮಕ್ಕಳಿಗೆ ಇರಲಿಲ್ಲ. ದಿನಾ ಭಾರ ಹೊರುವವಳು ಒಬ್ಬಳು, ಭಾರ ಎತ್ತಿ ಹೆಸರು ಮಾಡುವವನು ಇನ್ನೊಬ್ಬ. ಇದು ನಮ್ಮಲ್ಲಿ ಬಹಳ ಹಳೆಯ ಏರ್ಪಾಡು.

ಒಲಿಂಪಿಕ್ಸ್ ಕೂಡ ಇದಕ್ಕಿಂತ ಬಹಳ ದೊಡ್ಡ ಮನಸ್ಸು ತೋರಿಸಲಿಲ್ಲ. ಗಂಡಸರ ವೇಟ್‌ಲಿಫ್ಟಿಂಗ್ 1896ರ ಮೊದಲ ಆಧುನಿಕ ಒಲಿಂಪಿಕ್ಸ್‌ನಲ್ಲೇ ಇತ್ತು. ಹೆಂಗಸರ ವಿಶ್ವ ಚಾಂಪಿಯನ್‌ಷಿಪ್ ಶುರುವಾದದ್ದು 1987ರಲ್ಲಿ. ಒಲಿಂಪಿಕ್ಸ್‌ನಲ್ಲಿ ಅವರಿಗೆ ಜಾಗ ಸಿಕ್ಕಿದ್ದು 2000ದ ಸಿಡ್ನಿಯಲ್ಲಿ. ಒಂದು ಶತಮಾನ ಅವರು ಹೊರಗೇ ನಿಂತಿದ್ದರು.

ಆಟ ಹೀಗಿದೆ. ಎರಡು ಬಗೆಯ ಎತ್ತು. ಸ್ನ್ಯಾಚ್ ಅಂದರೆ ನೆಲದ ಮೇಲಿನ ಬಾರನ್ನು, ಅಂದರೆ ತೂಕದ ಪ್ಲೇಟು ಹಾಕಿದ ಸರಳನ್ನು, ಒಂದೇ ಚಲನೆಯಲ್ಲಿ ನೇರ ತಲೆಯ ಮೇಲಕ್ಕೆ ಒಯ್ಯಬೇಕು. ಕ್ಲೀನ್ ಅಂಡ್ ಜರ್ಕ್‌ನಲ್ಲಿ ಮೊದಲು ಭುಜದವರೆಗೆ, ಅಲ್ಲಿಂದ ತಲೆಯ ಮೇಲಕ್ಕೆ. ಒಂದೊಂದರಲ್ಲೂ ಮೂರು ಅವಕಾಶ. ಎರಡರಲ್ಲೂ ಅತಿ ಹೆಚ್ಚು ಎತ್ತಿದ್ದನ್ನು ಕೂಡಿಸಿದರೆ ಒಟ್ಟು ಬರುತ್ತದೆ. ಒಂದರಲ್ಲಿ ಮೂರೂ ಅವಕಾಶ ತಪ್ಪಿದರೆ ಇನ್ನೊಂದರಲ್ಲಿ ಎಷ್ಟೇ ಎತ್ತಿದ್ದರೂ ಒಟ್ಟು ಸಿಗುವುದಿಲ್ಲ. ಹೆಂಗಸರ ಬಾರ್ 15 ಕೆಜಿ ತೂಗುತ್ತದೆ, ಗಂಡಸರದು 20. ಹೆಂಗಸರದ್ದು ಸ್ವಲ್ಪ ತೆಳುವೂ ಹೌದು, ಕೈಯ ಹಿಡಿತಕ್ಕೆ ತಕ್ಕಂತೆ. ನಮ್ಮೂರ ಜಿಮ್ಮಿನಲ್ಲಿ ಹುಡುಗಿಯರಿಗೆ ಆ ದಪ್ಪ ಬಾರನ್ನೇ ಕೊಟ್ಟು “ಬಲ ಇಲ್ಲ ನಿಂಗ” ಅನ್ನುವವರು ಇದನ್ನು ತಿಳಿದಿರಬೇಕು.

ಬಲ ಬರುವುದು ತೋಳಿನಿಂದ ಅಂತ ನೋಡುವವರಿಗೆ ಅನ್ನಿಸುತ್ತದೆ. ಅಸಲು ಕೆಲಸ ತೊಡೆಯದು, ಸೊಂಟದ್ದು. ಬಾರು ಮೈಗೆ ಅಂಟಿಕೊಂಡ ಹಾಗೆ ಮೇಲೆ ಬರಬೇಕು. ಅದು ಮೇಲೇರುವ ಹೊತ್ತಿಗೆ ಎತ್ತುವವಳು ಕೆಳಗೆ ಕುಕ್ಕರಿಸಿ ಅದರಡಿ ಸೇರಬೇಕು. ಇದಕ್ಕೆ ಒಂದು ಸೆಕೆಂಡೂ ಇರುವುದಿಲ್ಲ. ಈ ಚಲನೆ ಮೈಗೆ ಹತ್ತಲು ತಿಂಗಳುಗಟ್ಟಲೆ ಬರೀ ಕೋಲು ಹಿಡಿದು ಕಲಿಸುತ್ತಾರೆ. ತಲೆಯ ಮೇಲೆ ಸಿಂಬಿ ಇಟ್ಟು ಹೊರೆ ಹೊತ್ತಾಗ ನಡೆಯುವುದು ಬೇರೆ ಸಂಗತಿ. ಅಲ್ಲಿ ಭಾರ ಬೆನ್ನುಹುರಿಯ ಮೇಲೆ ಕೂರುತ್ತದೆ, ಗಂಟೆಗಟ್ಟಲೆ ಕೂರುತ್ತದೆ, ಮೈ ಬೆಳೆಸುವ ಬದಲು ಸವೆಸುತ್ತದೆ. ಹೊರೆ ಹೊರುವುದನ್ನು ತರಬೇತಿ ಅಂತ ಕರೆಯುವವರು ಒಂದು ದಿನ ಹೊತ್ತು ನೋಡಲಿ.

ಮೀರಾಬಾಯಿಗೆ ಬರುತ್ತೇನೆ. ಆಕೆಗೆ ಮೊದಲು ಬೇಕಾಗಿದ್ದದ್ದು ಬಿಲ್ಲುಗಾರಿಕೆ. ಅಂಗಿ ಕೊಳೆಯಾಗದ ಆಟ ಅಂತ ಆಸೆ. 2008ರ ಸುಮಾರಿಗೆ ಇಂಫಾಲಿನ ಕ್ರೀಡಾ ಕೇಂದ್ರಕ್ಕೆ ಹೋದ ದಿನ ಬಿಲ್ಲುಗಾರಿಕೆ ಕಲಿಸುವವರು ಯಾರೂ ಸಿಗಲಿಲ್ಲ. ಅದೇ ಹೊತ್ತಿಗೆ ಕುಂಜರಾಣಿ ದೇವಿಯ ಬಗ್ಗೆ ಓದಿದಳು, ಅವರು ಎತ್ತುವ ದೃಶ್ಯ ನೋಡಿದಳು.

ಕುಂಜರಾಣಿಯ ಹೆಸರು ನಮ್ಮ ಕಡೆ ಕೇಳಿದವರು ಕಡಿಮೆ. ಅವರೂ ಇಂಫಾಲದವರೇ. ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ಮತ್ತೆ ಮತ್ತೆ ಬೆಳ್ಳಿ ಗೆದ್ದವರು. 1990ರ ಬೀಜಿಂಗ್ ಮತ್ತು 1994ರ ಹಿರೋಷಿಮಾ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದರು. ಹೆಂಗಸರಿಗೆ ಒಲಿಂಪಿಕ್ಸ್ ಬಾಗಿಲು ತೆರೆಯುವ ಹೊತ್ತಿಗೆ ಅವರ ಹರೆಯದ ಅರ್ಧ ಕಳೆದಿತ್ತು. 2004ರಲ್ಲಿ ಅಥೆನ್ಸ್‌ಗೆ ಹೋದಾಗ ವಯಸ್ಸು 36. ಒಟ್ಟು 190 ಕೆಜಿ ಎತ್ತಿ ನಾಲ್ಕನೆಯವರಾದರು. ಆ 190 ಮುಂದೆ ಮೀರಾಬಾಯಿಯ ಕಥೆಯಲ್ಲಿ ಮತ್ತೆ ಬರುತ್ತದೆ.

ಗಮನಿಸಿ, ಆ ಹುಡುಗಿಗೆ ಕಣ್ಣೆದುರು ಒಬ್ಬ ಮಣಿಪುರಿ ಹೆಣ್ಣುಮಗಳು ಇದ್ದರು. ಖುಮಾನ್ ಲಂಪಾಕ್ ಕ್ರೀಡಾಂಗಣದಲ್ಲಿ ಕಲಿಸಲು ಅನಿತಾ ಚಾನು ಎಂಬ ಇನ್ನೊಬ್ಬ ಮಾಜಿ ಲಿಫ್ಟರ್ ಇದ್ದರು. ಕಲಿಸುವವಳೂ ಹೆಣ್ಣು, ಕಲಿಯುವವಳೂ ಹೆಣ್ಣು. ಮಗಳನ್ನು ಕಳಿಸಲು ಮನೆಯವರಿಗೆ ಇದರಿಂದ ಎಷ್ಟು ಧೈರ್ಯ ಬರುತ್ತದೆ ಅನ್ನುವುದು ನಿಮಗೆ ನಾನು ಹೇಳಬೇಕಾಗಿಲ್ಲ.

ಹಳ್ಳಿಯಿಂದ ಇಂಫಾಲಿಗೆ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ದಾರಿ. ಬಸ್ಸಿಗೆ ದಿನಾ ದುಡ್ಡು ಎಲ್ಲಿಂದ ಬರಬೇಕು? ನದಿ ಮರಳು ಸಾಗಿಸುವ ಲಾರಿಗಳು ಆ ದಾರಿಯಲ್ಲಿ ಓಡಾಡುತ್ತಿದ್ದವು. ಡ್ರೈವರುಗಳು ಆಕೆಯನ್ನು ಹತ್ತಿಸಿಕೊಂಡು ಬಿಡುತ್ತಿದ್ದರು, ದುಡ್ಡು ಕೇಳುತ್ತಿರಲಿಲ್ಲ. ಟೋಕಿಯೊದಿಂದ ಮರಳಿದ ಮೇಲೆ ಮೀರಾಬಾಯಿ ಆ ಲಾರಿ ಡ್ರೈವರುಗಳನ್ನೂ ಕ್ಲೀನರುಗಳನ್ನೂ ಹುಡುಕಿಸಿ, ಮನೆಗೆ ಕರೆಸಿ, ಊಟ ಹಾಕಿ, ಅಂಗಿ ಮತ್ತು ಮಣಿಪುರಿ ಶಾಲು ಕೊಟ್ಟಳು. ಕಟ್ಟಿಗೆ ಹೊರೆಯ ಕಥೆಗಿಂತ ನನಗೆ ಈ ಕಥೆ ದೊಡ್ಡದು. ಹದಿಮೂರು ಹದಿನಾಲ್ಕರ ಹುಡುಗಿ ಬೆಳಗಿನ ಕತ್ತಲಲ್ಲಿ ಲಾರಿ ಹತ್ತಿ ಹೋಗಿ ಸುರಕ್ಷಿತವಾಗಿ ಮನೆಗೆ ಬಂದಳು. ಆ ಡ್ರೈವರುಗಳು ಆಕೆಯನ್ನು ಮಗಳ ಹಾಗೆ ಕಂಡರು. ನಮ್ಮ ರಸ್ತೆಗಳ ಬಗ್ಗೆ ಇದೇ ಮಾತು ಹೇಳಬಲ್ಲೆವಾ? ಸಂಜೆ ಆರಕ್ಕೆ ಪ್ರಾಕ್ಟೀಸ್ ಮುಗಿದರೆ ಮಗಳು ಹಳ್ಳಿಗೆ ಹೇಗೆ ಬರುತ್ತಾಳೆ ಅನ್ನುವ ಒಂದೇ ಚಿಂತೆಗೆ ಎಷ್ಟೋ ಅಪ್ಪಂದಿರು ಆಟ ಬಿಡಿಸಿದ್ದಾರೆ. ದೈಹಿಕ ಶಿಕ್ಷಕಿಯಾಗಿ ಕೆಲಸ ಮಾಡಿದ ವರ್ಷಗಳಲ್ಲೆಲ್ಲ ನಾನು ಅದನ್ನು ಕಂಡಿದ್ದೇನೆ. ಆ ಅಪ್ಪಂದಿರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಕೊನೆಯ ಬಸ್ಸು ಹೋದ ಮೇಲೆ ಅವರು ಏನು ಮಾಡಬೇಕಿತ್ತು?

ಮೊದಲ ದೊಡ್ಡ ಪದಕ ಬಂದದ್ದು 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ. 48 ಕೆಜಿ ಮೈತೂಕದ ವಿಭಾಗದಲ್ಲಿ ಒಟ್ಟು 170 ಎತ್ತಿ ಬೆಳ್ಳಿ. ಚಿನ್ನ ಗೆದ್ದವಳೂ ಮಣಿಪುರದವಳೇ, ಸಂಜಿತಾ ಚಾನು, 173 ಕೆಜಿ. ಒಂದೇ ರಾಜ್ಯದ ಇಬ್ಬರು ಹುಡುಗಿಯರು ವೇದಿಕೆಯಲ್ಲಿ ಅಕ್ಕಪಕ್ಕ ನಿಂತಿದ್ದರು.

ಆಮೇಲೆ 2016. ಇಲ್ಲಿ ಸ್ವಲ್ಪ ನಿಲ್ಲೋಣ.

ರಿಯೊಗೆ ಹೋಗುವ ಮೊದಲು ಪಟಿಯಾಲದ ಆಯ್ಕೆ ಸ್ಪರ್ಧೆಯಲ್ಲಿ ಮೀರಾಬಾಯಿ ಒಟ್ಟು 192 ಕೆಜಿ ಎತ್ತಿದ್ದಳು. ಕುಂಜರಾಣಿ ಅಥೆನ್ಸ್‌ನಲ್ಲಿ ಬರೆದಿದ್ದ 190ರ ರಾಷ್ಟ್ರೀಯ ದಾಖಲೆ ಹನ್ನೆರಡು ವರ್ಷದ ಮೇಲೆ ಅಳಿಯಿತು. ರಿಯೊದಲ್ಲಿ ಸ್ನ್ಯಾಚ್ 82 ಆಯಿತು. ಕ್ಲೀನ್ ಅಂಡ್ ಜರ್ಕ್‌ನಲ್ಲಿ ಮೂರೂ ಪ್ರಯತ್ನ ತಪ್ಪಿದವು. ಫಲಿತಾಂಶದ ಪಟ್ಟಿಯಲ್ಲಿ ಆಕೆಯ ಹೆಸರಿನ ಮುಂದೆ ಒಟ್ಟು ಎಂಬ ಅಂಕಿಯೇ ಇಲ್ಲ. ಅಂದು ಕಂಚು ಗೆದ್ದ ಜಪಾನಿನ ಹಿರೋಮಿ ಮಿಯಾಕೆ ಎತ್ತಿದ್ದು 188. ಮನೆಯಲ್ಲಿ 192 ಎತ್ತಿ ಬಂದವಳಿಗೆ 188ರ ಕಂಚು ಕೈಗೆ ಸಿಗಲಿಲ್ಲ.

ಆ ವಯಸ್ಸಿಗೆ, 22 ತುಂಬುವ ಮೊದಲೇ, ಇದು ಎಂಥ ಪೆಟ್ಟು ಅಂತ ಯೋಚಿಸಿ. ಆಟ ಬಿಡುವ ಯೋಚನೆ ಬಂದಿತ್ತು ಅಂತ ಆಕೆಯೇ ಮುಂದೆ ಹೇಳಿದ್ದಾಳೆ. ಮನಸ್ಸಿನ ತಜ್ಞರ ಹತ್ತಿರ ಹೋಗಿದ್ದನ್ನೂ ಮುಚ್ಚಿಡಲಿಲ್ಲ. ಕೋಚ್ ವಿಜಯ್ ಶರ್ಮಾ ಜೊತೆಗೇ ಉಳಿದರು. ಮರು ವರ್ಷ, 2017ರ ನವೆಂಬರಿನಲ್ಲಿ, ಅಮೆರಿಕದ ಅನಾಹೈಮ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್. ಸ್ನ್ಯಾಚ್ 85, ಕ್ಲೀನ್ ಅಂಡ್ ಜರ್ಕ್ 109, ಒಟ್ಟು 194. ಚಿನ್ನ. 1995ರಲ್ಲಿ ಕರ್ಣಂ ಮಲ್ಲೇಶ್ವರಿ ಗೆದ್ದ ಮೇಲೆ 22 ವರ್ಷಕ್ಕೆ ಭಾರತಕ್ಕೆ ವಿಶ್ವ ಪಟ್ಟ. ಉದ್ದೀಪನ ಮದ್ದಿನ ಪ್ರಕರಣಗಳಿಗಾಗಿ ಚೀನಾ, ರಷ್ಯಾ ಮೊದಲಾದ ದೇಶಗಳ ಮೇಲೆ ಆಗ ನಿಷೇಧ ಇತ್ತು, ಅವರು ಬಂದಿರಲಿಲ್ಲ. ಅದನ್ನು ಹೇಳದೇ ಬಿಟ್ಟರೆ ಅರ್ಧ ಸತ್ಯ ಆಗುತ್ತದೆ. ಆದರೆ 194 ಕೆಜಿ ಅಂದರೆ 194 ಕೆಜಿ. ಬಂದವರು ಯಾರು, ಬಾರದವರು ಯಾರು ಅಂತ ಬಾರು ನೋಡುವುದಿಲ್ಲ.

ಮದ್ದಿನ ಮಾತು ಬಂದದ್ದರಿಂದ ಹುಡುಗಿಯರಿಗೆ ಒಂದು ಎಚ್ಚರಿಕೆ. 2004ರ ಅಥೆನ್ಸ್‌ನಲ್ಲಿ ಭಾರತದ ಇಬ್ಬರು ಮಹಿಳಾ ಲಿಫ್ಟರ್‌ಗಳು ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಈ ಆಟದ ಹೆಸರು ನಮ್ಮ ದೇಶದಲ್ಲಿ ವರ್ಷಗಟ್ಟಲೆ ಕೆಟ್ಟಿತ್ತು. ಜಿಮ್ಮಿನಲ್ಲಿ ಯಾರೋ ಡಬ್ಬಿ ಕೊಟ್ಟು “ಕುಡಿ, ತಾಕತ್ತು ಬರ್ತೈತಿ” ಅಂದರೆ ಮುಟ್ಟಬೇಡಿ. ಡಬ್ಬಿ ಕೊಟ್ಟವನಿಗೆ ಏನೂ ಆಗುವುದಿಲ್ಲ, ನಿಷೇಧ ಬೀಳುವುದು ಕುಡಿದವಳಿಗೆ.

2018ರ ಏಪ್ರಿಲ್‌ನಲ್ಲಿ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಗೇಮ್ಸ್. ಆರಕ್ಕೆ ಆರೂ ಎತ್ತು ಸರಿ, ಒಟ್ಟು 196, ಚಿನ್ನ. ಆ ವರ್ಷವೇ ಪದ್ಮಶ್ರೀ, ಆ ವರ್ಷವೇ ಖೇಲ್ ರತ್ನ. ಆ ವರ್ಷವೇ ಬೆನ್ನು ಹಿಡಿಯಿತು.

ಬೆನ್ನು ನೋವಿನ ವಿಷಯ ನಮ್ಮ ಅವ್ವಂದಿರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ, ಹಾಗಾಗಿ ಇದನ್ನು ನಿಧಾನವಾಗಿ ಹೇಳುತ್ತೇನೆ. ನೋವು ಯಾಕೆ ಬರುತ್ತಿದೆ ಅನ್ನುವುದು ಬಹಳ ದಿನ ವೈದ್ಯರಿಗೂ ತಿಳಿಯಲಿಲ್ಲ. ಜಕಾರ್ತದ ಏಷ್ಯನ್ ಗೇಮ್ಸ್ ತಪ್ಪಿತು, ಆ ವರ್ಷದ ವಿಶ್ವ ಚಾಂಪಿಯನ್‌ಷಿಪ್ ತಪ್ಪಿತು. ಅಷ್ಟರಲ್ಲಿ ಜಾಗತಿಕ ಸಂಸ್ಥೆ ತೂಕದ ವಿಭಾಗಗಳನ್ನೇ ಬದಲಾಯಿಸಿತು, ಆಕೆಯ 48 ಕೆಜಿ ಹೋಗಿ 49 ಬಂತು. ಮರಳಿ ಬಂದು 2019ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮೊದಲ ಸಲ ಒಟ್ಟು 200 ದಾಟಿದಳು, 201, ಆದರೂ ನಾಲ್ಕನೇ ಸ್ಥಾನ. ನೋವು ಪೂರ್ತಿ ಬಿಟ್ಟಿರಲಿಲ್ಲ. 2020ರ ಕೊನೆಯಲ್ಲಿ ಆಕೆಯನ್ನು ಅಮೆರಿಕದ ಸೇಂಟ್ ಲೂಯಿಸ್‌ಗೆ ಕಳಿಸಿದರು. ಅಲ್ಲಿ ಡಾ. ಏರನ್ ಹಾರ್ಷಿಗ್ ಎಂಬ ಫಿಸಿಯೋಥೆರಪಿಸ್ಟ್ ಆಕೆಯನ್ನು ನೋಡಿದರು, ಒಂದು ಕಾಲಕ್ಕೆ ತಾವೇ ಭಾರ ಎತ್ತುತ್ತಿದ್ದವರು. ಮೈಯ ಎರಡೂ ಕಡೆಯ ಸ್ನಾಯುಗಳ ಬಲ ಸಮ ಇಲ್ಲದ್ದನ್ನು ಅವರು ಗುರುತಿಸಿ ವ್ಯಾಯಾಮದಿಂದ ಸರಿಪಡಿಸುತ್ತ ಬಂದರು. ಖರ್ಚು ಭರಿಸಿದ್ದು ಒಲಿಂಪಿಕ್ ಪದಕದ ಭರವಸೆ ಇರುವವರಿಗೆ ನೆರವಾಗುವ ಸರ್ಕಾರದ ಟಾಪ್ಸ್ ಯೋಜನೆ.

ಒಬ್ಬ ಹೆಣ್ಣುಮಗಳ ಬೆನ್ನು ನೋಯುತ್ತಿದೆ ಅಂತ ಒಂದು ದೇಶ ಆಕೆಯನ್ನು ಸಮುದ್ರ ದಾಟಿಸಿ ಕಳಿಸಿತು. ನಾನು ಇದನ್ನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಹೆಣ್ಣಿನ ಬೆನ್ನಿಗೆ ಬೆಲೆ ಕಟ್ಟಿದರೆ ಏನಾಗುತ್ತದೆ ಅನ್ನುವುದಕ್ಕೆ ಇದು ಪುರಾವೆ. ಆರು ತಿಂಗಳಲ್ಲಿ ಆಕೆ ಲೋಕದ ದಾಖಲೆ ಮುರಿದಳು.

2021ರ ಏಪ್ರಿಲ್, ತಾಷ್ಕೆಂಟ್, ಏಷ್ಯನ್ ಚಾಂಪಿಯನ್‌ಷಿಪ್. ಸ್ನ್ಯಾಚ್‌ನಲ್ಲಿ 85 ಕೆಜಿಗೆ ಎರಡು ಸಲ ತಪ್ಪಿದಳು. ಉಳಿದದ್ದು ಒಂದೇ ಅವಕಾಶ. ಅದೂ ತಪ್ಪಿದರೆ ರಿಯೊ ಮರುಕಳಿಸುತ್ತದೆ. ಈ ಆಟದಲ್ಲಿ ಬಾರಿನ ತೂಕ ಏರಿಸಬಹುದು, ಇಳಿಸುವಂತಿಲ್ಲ. ಆಕೆ ಒಂದು ಕೆಜಿ ಏರಿಸಿ 86 ಕೇಳಿದಳು, ಎತ್ತಿದಳು. ಕ್ಲೀನ್ ಅಂಡ್ ಜರ್ಕ್‌ನಲ್ಲಿ 119 ಎತ್ತಿದಳು. ಅದು ಆಗ ಆ ವಿಭಾಗದ ವಿಶ್ವದಾಖಲೆ.

119 ಅಂದರೆ ಎಷ್ಟು? ಹಿಂದೆ ನಿಂತಿರುವ ಅಣ್ಣಂದಿರೇ, ನಮ್ಮ ಕಡೆಯ ಭತ್ತದ ಚೀಲ 75 ಕೆಜಿ. ಆಕೆ ಎತ್ತಿದ್ದು ಒಂದೂವರೆ ಚೀಲಕ್ಕಿಂತ ಹೆಚ್ಚು. ನೀವು ಚೀಲ ಹೊರುವಾಗ ಇನ್ನೊಬ್ಬರು ಕೈಕೊಟ್ಟು ಬೆನ್ನ ಮೇಲೆ ಹಾಕುತ್ತಾರೆ. ಈಕೆ ನೆಲದಿಂದ ತಾನೇ ಎತ್ತಿ, ಎರಡು ಕೈ ನೆಟ್ಟಗೆ ಮಾಡಿ ತಲೆಯ ಮೇಲೆ ಹಿಡಿದು ನಿಂತಳು. ಎತ್ತಿದವಳ ತೂಕ 49 ಕೆಜಿ. (ಇಲ್ಲಿ ಹಮಾಲಿ ಅಣ್ಣಂದಿರೇ ಮೊದಲು ಚಪ್ಪಾಳೆ ತಟ್ಟಿದರು. ಭಾರ ಅಂದರೆ ಏನು ಅನ್ನುವುದು ಆ ಸಭೆಯಲ್ಲಿ ಅವರಿಗೇ ಚೆನ್ನಾಗಿ ಗೊತ್ತಿತ್ತು.)

ಟೋಕಿಯೊ ನಿಮಗೆಲ್ಲ ಗೊತ್ತು. 2021ರ ಜುಲೈ 24, ಕೂಟದ ಮೊದಲ ಪದಕದ ದಿನ. ಸ್ನ್ಯಾಚ್ 87, ಕ್ಲೀನ್ ಅಂಡ್ ಜರ್ಕ್ 115, ಒಟ್ಟು 202. ಚೀನಾದ ಹೌ ಜಿಹುಯಿ 210 ಎತ್ತಿ ಚಿನ್ನ ಗೆದ್ದಳು. ಮೀರಾಬಾಯಿಯ ಕಿವಿಯಲ್ಲಿ ಒಲಿಂಪಿಕ್ಸ್‌ನ ಐದು ಬಳೆಗಳ ಆಕಾರದ ಓಲೆ. ಅವ್ವ ತನ್ನಲ್ಲಿದ್ದ ಬಂಗಾರದಿಂದ ಮಾಡಿಸಿಕೊಟ್ಟದ್ದು, ರಿಯೊಗೂ ಮೊದಲೇ. ಅದೃಷ್ಟ ಬರಲಿ ಅಂತ ಕೊಟ್ಟ ಓಲೆ ರಿಯೊದಲ್ಲಿ ಅದೃಷ್ಟ ತರಲಿಲ್ಲ. ಆದರೂ ಮಗಳು ಅದನ್ನು ತೆಗೆದಿಡಲಿಲ್ಲ.

ಸಾಮಾನ್ಯವಾಗಿ ಭಾಷಣಗಳು ಇಲ್ಲಿಗೆ ಮುಗಿಯುತ್ತವೆ. ನನಗೆ ಟೋಕಿಯೊ ಆದ ಮೇಲಿನ ವರ್ಷಗಳೇ ಹೆಚ್ಚು ಮುಖ್ಯ ಅನ್ನಿಸುತ್ತವೆ. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಮತ್ತೆ ಕಾಮನ್‌ವೆಲ್ತ್ ಚಿನ್ನ, ಅದೇ ಡಿಸೆಂಬರಿನಲ್ಲಿ ಬೊಗೋಟಾದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ. ಮಣಿಕಟ್ಟು ನೋಯುತ್ತಿದ್ದರೂ ಒಟ್ಟು 200 ಎತ್ತಿ ಟೋಕಿಯೊದ ಚಿನ್ನದ ಹೌ ಜಿಹುಯಿಯನ್ನು ಹಿಂದೆ ಹಾಕಿದಳು. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಸೊಂಟಕ್ಕೆ ಪೆಟ್ಟಾಗಿ ವೇದಿಕೆಯ ಮೇಲೇ ಬಿದ್ದಳು, ನಾಲ್ಕನೇ ಸ್ಥಾನ. ಕುಂಜರಾಣಿಗೂ ಸಿಕ್ಕಿದ್ದ ಏಷ್ಯನ್ ಗೇಮ್ಸ್ ಪದಕ ಆಕೆಗೆ ಸಿಗಲಿಲ್ಲ.

ಆಮೇಲೆ ಪ್ಯಾರಿಸ್. 2024ರ ಆಗಸ್ಟ್ 7, ಆಕೆಯ 30ನೇ ಹುಟ್ಟುಹಬ್ಬದ ಹಿಂದಿನ ದಿನ. ಸ್ನ್ಯಾಚ್ 88, ಕ್ಲೀನ್ ಅಂಡ್ ಜರ್ಕ್ 111, ಒಟ್ಟು 199. ಥಾಯ್ಲೆಂಡಿನ ಹುಡುಗಿ 200 ಎತ್ತಿ ಕಂಚು ತೆಗೆದುಕೊಂಡಳು. ಒಂದೇ ಕೆಜಿ. ಕೊನೆಯ ಪ್ರಯತ್ನಕ್ಕೆ 114 ಹಾಕಿಸಿದ್ದಳು. ಹಿಂದೆ 115 ಎತ್ತಿದ್ದಳು, 119 ಎತ್ತಿದ್ದಳು, ಅಂದು 114 ನಿಲ್ಲಲಿಲ್ಲ. ನಮ್ಮ ಭಾಗದಲ್ಲಿ ಈ ನಾಲ್ಕನೇ ಸ್ಥಾನದ ನೆನಪು ಯಾರಿಗೂ ಇಲ್ಲ, ಅದಕ್ಕೆ ಕಾರಣವೂ ಇದೆ. ಅದಾಗಿ ಮೂರೇ ದಿನಕ್ಕೆ ನಮ್ಮ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತು. ಆ ವಾರ ಇಲ್ಲಿ ಯಾರಿಗೆ ಒಲಿಂಪಿಕ್ಸ್ ಬೇಕಿತ್ತು?

ಸ್ಪರ್ಧೆ ಮುಗಿದ ಮೇಲೆ ಪತ್ರಕರ್ತರ ಮುಂದೆ ನಿಂತು ಮೀರಾಬಾಯಿ ತನಗೆ ಅಂದು ಮುಟ್ಟಿನ ಮೂರನೇ ದಿನ, ಮೈಯಲ್ಲಿ ನಿಶ್ಶಕ್ತಿ ಇತ್ತು ಅಂತ ಹೇಳಿದಳು. ನೆಪ ಅಂತ ಹೇಳಿದ್ದಲ್ಲ, ಕೇಳಿದ್ದಕ್ಕೆ ಇದ್ದದ್ದು ಹೇಳಿದಳು. ಇಡೀ ದೇಶ ನೋಡುವ ಕ್ಯಾಮೆರಾ ಮುಂದೆ ಹೇಳಿದಳು. ನಮ್ಮಲ್ಲಿ ತಾಲ್ಲೂಕು ಕ್ರೀಡಾಕೂಟದ ದಿನ ಹುಡುಗಿ ಬರದಿದ್ದರೆ “ಜ್ವರ ಬಂದೈತ್ರಿ” ಅಂತ ಹೇಳಿ ಕಳಿಸುತ್ತಾರೆ. ಮೈದಾನದಲ್ಲಿ ಶೌಚಾಲಯ ಇಲ್ಲ, ಇದ್ದರೆ ನೀರಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ನಮ್ಮ ರಾಜ್ಯದ ಹೆಣ್ಣುಮಕ್ಕಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನಕ್ಕೆ ರಕ್ತ ಕಡಿಮೆ ಇದೆ. ಸೊಪ್ಪು, ಕಾಳು, ಮೊಟ್ಟೆ, ಮೀನು ಮೊದಲು ಯಾರ ತಾಟಿಗೆ ಬೀಳುತ್ತದೆ, ಕೊನೆಗೆ ಉಳಿದದ್ದು ಯಾರ ತಾಟಿಗೆ ಅನ್ನುವುದು ಪ್ರತಿ ಮನೆಗೂ ಗೊತ್ತು. ಬಲದ ಮಾತು ಅಲ್ಲಿಂದ ಶುರುವಾಗಬೇಕು. ಕಟ್ಟಿಗೆ ಹೊರೆಯಿಂದ ಅಲ್ಲ.

ಪ್ಯಾರಿಸ್ ಆದ ಮೇಲೆ ಆಕೆಯದು ಮುಗಿಯಿತು ಅಂದವರು ಬಹಳ. 2025ರ ಅಕ್ಟೋಬರಿನಲ್ಲಿ ನಾರ್ವೆಯ ಫೋರ್ಡೆಯಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ತೂಕದ ವಿಭಾಗ ಮತ್ತೆ ಬದಲಾಗಿ 48ಕ್ಕೆ ಬಂದಿತ್ತು, ಆಕೆ ಮೈ ಇಳಿಸಬೇಕಾಯಿತು. ಸ್ನ್ಯಾಚ್‌ನಲ್ಲಿ 84ಕ್ಕೇ ನಿಂತಳು. ಕ್ಲೀನ್ ಅಂಡ್ ಜರ್ಕ್‌ನಲ್ಲಿ 115, ಟೋಕಿಯೊದಲ್ಲಿ ಎತ್ತಿದಷ್ಟೇ, ವಯಸ್ಸು 31. ಒಟ್ಟು 199, ಬೆಳ್ಳಿ. ವಿಶ್ವ ಚಾಂಪಿಯನ್‌ಷಿಪ್‌ನ ಮೂರನೇ ಪದಕ.

ಈಗ ಅವ್ವಂದಿರ ಪ್ರಶ್ನೆಗೆ ಬರುತ್ತೇನೆ, ಯಾಕೆಂದರೆ ನೀವು ಅದನ್ನು ಮೈಕಿನಲ್ಲಿ ಕೇಳುವುದಿಲ್ಲ, ಸಭೆ ಮುಗಿದ ಮೇಲೆ ಸೆರಗು ಬಾಯಿಗಿಟ್ಟುಕೊಂಡು ಕೇಳುತ್ತೀರಿ. “ಭಾರ ಎತ್ತಿದ್ರ ಮುಂದ ಮಕ್ಕಳಾಗ್ತಾವೇನ್ರಿ? ಗರ್ಭಕೋಶ ಜಾರಂಗಿಲ್ಲೇನ್ರಿ?” ಕೊಡ ಹೊರಿಸುವಾಗ, ಮದುವೆಯಾದ ವರ್ಷವೇ ಗದ್ದೆಗೆ ಇಳಿಸುವಾಗ, ಬಸುರಿಯ ತಲೆಯ ಮೇಲೆ ಹುಲ್ಲಿನ ಹೊರೆ ಇಡುವಾಗ ಈ ಪ್ರಶ್ನೆ ನಮಗೆ ಬರುವುದಿಲ್ಲ. ಆಟ ಅಂದ ಕೂಡಲೇ ಬರುತ್ತದೆ. ಆದರೂ ತಾಯಿಯ ಭಯ ಭಯವೇ, ಅದಕ್ಕೆ ನೇರ ಉತ್ತರ ಕೊಡಬೇಕು.

ಕರ್ಣಂ ಮಲ್ಲೇಶ್ವರಿ ಆಂಧ್ರದ ಶ್ರೀಕಾಕುಳಂ ಜಿಲ್ಲೆಯವರು. ಅಪ್ಪ ರೈಲ್ವೆ ರಕ್ಷಣಾ ಪಡೆಯಲ್ಲಿ ಕಾನ್‌ಸ್ಟೆಬಲ್, ಮನೆ ತುಂಬ ಹೆಣ್ಣುಮಕ್ಕಳು. ಮೊದಲು ತರಬೇತಿಗೆ ಹೋದಾಗ ತೀರಾ ತೆಳ್ಳಗಿದ್ದಾಳೆ ಅಂತ ಬೇಡ ಅಂದಿದ್ದರು. ಬೆನ್ನಿಗೆ ನಿಂತು ಕಳಿಸಿದ್ದು ಆಕೆಯ ತಾಯಿ. 1994 ಮತ್ತು 1995ರಲ್ಲಿ 54 ಕೆಜಿ ವಿಭಾಗದಲ್ಲಿ ವಿಶ್ವ ಚಾಂಪಿಯನ್. 1997ರಲ್ಲಿ ಮದುವೆ. ಮದುವೆಯಾಗಿ ಮೂರು ವರ್ಷಕ್ಕೆ, 2000ದ ಸೆಪ್ಟೆಂಬರ್ 19ರಂದು, ಸಿಡ್ನಿಯಲ್ಲಿ 69 ಕೆಜಿ ವಿಭಾಗದಲ್ಲಿ 110 ಮತ್ತು 130, ಒಟ್ಟು 240 ಎತ್ತಿ ಕಂಚು ಗೆದ್ದರು. ಒಲಿಂಪಿಕ್ ಪದಕ ಗೆದ್ದ ಭಾರತದ ಮೊದಲ ಮಹಿಳೆ. ಹೋಗುವ ಮುಂಚೆ ದಪ್ಪಗಾಗಿದ್ದಾಳೆ, ಕಾಲ ಮುಗಿಯಿತು ಅಂತ ಬರೆದವರಿದ್ದರು. ಅಂದು ಚಿನ್ನ, ಬೆಳ್ಳಿ ಗೆದ್ದ ಇಬ್ಬರ ಒಟ್ಟೂ 242.5. ಮಲ್ಲೇಶ್ವರಿ ಕೊನೆಯ ಪ್ರಯತ್ನಕ್ಕೆ 137.5 ಕೇಳಿದರು, ನಿಂತಿದ್ದರೆ ಚಿನ್ನ. ನಿಲ್ಲಲಿಲ್ಲ. ಇವತ್ತು ಪಟ್ಟಿ ಮುಂದಿಟ್ಟುಕೊಂಡು ಕೂಡಿಸಿದರೆ 135 ಸಾಕಿತ್ತು ಅನ್ನಿಸುತ್ತದೆ. ಬಾರಿನ ಮುಂದೆ ನಿಂತವಳಿಗೆ ನಮ್ಮ ಪಟ್ಟಿ ಕಾಣುವುದಿಲ್ಲ.

ಆ ಪದಕದ ಮರುವರ್ಷ, 2001ರಲ್ಲಿ, ಮಲ್ಲೇಶ್ವರಿಗೆ ಗಂಡುಮಗು ಹುಟ್ಟಿತು. ಮಗು ಆದ ಮೇಲೆ ಮತ್ತೆ ತರಬೇತಿಗೆ ಇಳಿದು 2004ರ ಅಥೆನ್ಸ್‌ಗೂ ಹೋದರು. ಅಲ್ಲಿ ಬೆನ್ನು ಕೈಕೊಟ್ಟಿತು, ಆಟಕ್ಕೆ ವಿದಾಯ ಹೇಳಿದರು. ನೌಕರಿ ಮಾಡಿದ್ದು ಭಾರತೀಯ ಆಹಾರ ನಿಗಮದಲ್ಲಿ. ನಾವು ಬೆಳೆದ ಅಕ್ಕಿ ಹೋಗುವ ಗೋದಾಮುಗಳ ಆ ನಿಗಮವೇ. 2021ರಲ್ಲಿ ದೆಹಲಿ ಕ್ರೀಡಾ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು. ನಿಮ್ಮ ಪ್ರಶ್ನೆಗೆ ಇದು ಉತ್ತರ, ಅವ್ವ. ಸರಿಯಾಗಿ ಕಲಿಸುವವರ ಕೈಯಲ್ಲಿ, ಹೊಟ್ಟೆ ತುಂಬ ಉಂಡು ಎತ್ತಿದ ಭಾರ ಮೈಯನ್ನು ಕಟ್ಟುತ್ತದೆ.

ನಮ್ಮಲ್ಲಿ ಏನೂ ಇಲ್ಲ ಅಂತಲೂ ಹೇಳಲಾರೆ. ಇಲ್ಲಿಂದ ದೂರವೇನಲ್ಲದ ತೋರಣಗಲ್ಲಿನ ಬಳಿ, ಉಕ್ಕಿನ ಕಾರ್ಖಾನೆಯ ಮಗ್ಗುಲಲ್ಲೇ, ದೇಶದ ದೊಡ್ಡ ತರಬೇತಿ ಸಂಸ್ಥೆಯಿದೆ. ಕುಸ್ತಿ, ಜೂಡೊ, ಬಾಕ್ಸಿಂಗ್, ಅಥ್ಲೆಟಿಕ್ಸ್ ಕಲಿಸುತ್ತಾರೆ. ನೀರಜ್ ಚೋಪ್ರಾ ಅಲ್ಲಿ ತರಬೇತಿ ಪಡೆದಿದ್ದಾರೆ. ನಮ್ಮ ರಾಜ್ಯದ್ದೇ ಕುಂದಾಪುರ ಕಡೆಯ ವೇಟ್‌ಲಿಫ್ಟರ್ ಗುರುರಾಜ ಪೂಜಾರಿ 2018ರಲ್ಲಿ ಗೋಲ್ಡ್ ಕೋಸ್ಟ್‌ನಲ್ಲಿ ಬೆಳ್ಳಿ, 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಂಚು ಗೆದ್ದರು. ನಾನು ಕೇಳುವುದು ಅಷ್ಟು ದೊಡ್ಡದಲ್ಲ. ಗಂಗಾವತಿಯಂಥ ಊರಿನಲ್ಲಿ ನಾಲ್ಕು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ಒಂದು ಕಟ್ಟಿಗೆಯ ವೇದಿಕೆ, ಹೆಂಗಸರ ಒಂದು ಬಾರು, ರಬ್ಬರಿನ ಪ್ಲೇಟುಗಳು, ಕಲಿತ ಒಬ್ಬ ಮಹಿಳಾ ಕೋಚು, ದಿನಾ ಎರಡು ಮೊಟ್ಟೆ, ಸಂಜೆ ಏಳರ ನಂತರ ಹಳ್ಳಿಗಳಿಗೆ ಒಂದು ಬಸ್ಸು. ಅಕ್ಕಿ ಗಿರಣಿ ಮಾಲೀಕರು ಇಷ್ಟು ಜನ ಇರುವ ಊರಿನಲ್ಲಿ ಇದು ಆಗದ ಮಾತಲ್ಲ. ಮುಂದಿನ ಸಾಲಿನಲ್ಲಿ ಕೆಲವರು ಕುಳಿತಿದ್ದೀರಿ, ನಿಮ್ಮ ಮುಖ ನೋಡಿಯೇ ಹೇಳುತ್ತಿದ್ದೇನೆ.

ಮಾತು ಮುಗಿದ ಮೇಲೆ ಕೇಳಿದ ಪ್ರಶ್ನೆಗಳು ಇವು.

ಒಬ್ಬ ವಿದ್ಯಾರ್ಥಿನಿ, ಬಿಎ ಎರಡನೇ ವರ್ಷ, ಎದ್ದು ನಿಂತು, “ಎತ್ತರ ಬೆಳೆಯೋದು ನಿಂತು ಹೋಗ್ತದ ಅಂತಾರ, ಖರೇನ್ರಿ ಮೇಡಂ?” ಅಂದಳು. ನಿಲ್ಲುವುದಿಲ್ಲ. ಚಿಕ್ಕ ತೂಕದ ವಿಭಾಗಗಳಲ್ಲಿ ಗಿಡ್ಡ ಇರುವವರು ಹೆಚ್ಚು ಗೆಲ್ಲುತ್ತಾರೆ, ಅದನ್ನು ನೋಡಿ ಜನ ತಿರುವುಮುರುವಾಗಿ ತಿಳಿದಿದ್ದಾರೆ.

ಒಬ್ಬ ಹಮಾಲಿ ಅಣ್ಣ ಕೇಳಿದರು: “ನನ್ನ ಮಗಳು ಎಂಟನೇತ್ತೆ. ಈಗ ಹಚ್ಚಿದ್ರ ತಡ ಆಗಂಗಿಲ್ಲೇನ್ರಿ ಅಕ್ಕಾರ?” ತಡವಲ್ಲ. ಮೀರಾಬಾಯಿ ಇಂಫಾಲಿನ ಲಾರಿ ಹತ್ತಿದಾಗ ಹೆಚ್ಚುಕಡಿಮೆ ಅದೇ ವಯಸ್ಸು. ಕ್ರೀಡಾ ಇಲಾಖೆಯ ವಸತಿ ನಿಲಯಗಳಿಗೆ ವರ್ಷಕ್ಕೊಮ್ಮೆ ಆಯ್ಕೆ ನಡೆಯುತ್ತದೆ, ಜಿಲ್ಲಾ ಕಚೇರಿಯಲ್ಲಿ ದಿನಾಂಕ ಕೇಳಿ. ಅಲ್ಲಿಯವರೆಗೆ ಆಕೆಗೆ ಭಾರ ಕೊಡಬೇಡಿ. ಓಡಲಿ, ಹಗ್ಗ ಜಿಗಿಯಲಿ, ಕುಕ್ಕರಗಾಲಿನಲ್ಲಿ ಕೂತು ಏಳಲಿ. ಆಯ್ಕೆಗೆ ಹೋಗುವ ಮುನ್ನ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ ಅಂತ ಹೇಳಿದೆ. “ಆಕಿ ಅವ್ವಂದೂ ಮಾಡಸ್ತೀನ್ರಿ” ಅಂದರು ಅವರು.